ಕೊನೆಯ ಬೆಂಚಿನ ಮೌನ: ಇಂಗ್ಲಿಷ್ ಬಾರದ ಮಗುವಿಗೆ ತರಗತಿಯಲ್ಲಿ ನೆರವಾಗುವುದು ಹೇಗೆ?

ಜೂನ್ ತಿಂಗಳ ಮಳೆಯೊಂದಿಗೆ ನಮ್ಮ ಕರಾವಳಿಯ ಶಾಲೆಗಳು ಮತ್ತೆ ಗಿಜಿಗುಡತೊಡಗುತ್ತವೆ. ಹೊಸ ಕೊಡೆ, ಹೊಸ ಬ್ಯಾಗು, ಹೊಸ ಪುಸ್ತಕದ ವಾಸನೆ. ಈ ಗದ್ದಲದ ನಡುವೆ ಪ್ರತಿ ವರ್ಷವೂ ಕೆಲವು ಮಕ್ಕಳು ಒಂದು ಮಾತನ್ನೂ ಆಡದೆ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರು ನಾಲ್ಕನೆಯ ಅಥವಾ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದವರು. ಟೀಚರ್ ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಾರೆ, ತಲೆ ತಗ್ಗಿಸುತ್ತಾರೆ, 'ಸಿಟ್ ಡೌನ್' ಎಂದಾಗ ಕುಳಿತುಕೊಳ್ಳುತ್ತಾರೆ. ತಿಂಗಳು ಎರಡು ಕಳೆಯುವಷ್ಟರಲ್ಲಿ ಆ ಮಗುವಿಗೆ ಒಂದು ಹೆಸರು ಅಂಟಿಕೊಂಡಿರುತ್ತದೆ: ದಡ್ಡ, ದಡ್ಡಿ.

ಕೆಲವು ವರ್ಷಗಳ ಹಿಂದೆ ನಾವು ಧರ್ಮಕೇಂದ್ರವೊಂದರ ಸಭಾಭವನದಲ್ಲಿ ಸಂಜೆಯ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದಾಗ, ಮೀನು ಮಾರುವ ತಾಯಿಯೊಬ್ಬರು ಆರನೆಯ ತರಗತಿಯ ತಮ್ಮ ಮಗಳನ್ನು ಕರೆತಂದರು. ಪ್ರಗತಿ ಪತ್ರದಲ್ಲಿ ಗಣಿತದ ಎದುರು 'ವೆರಿ ಸ್ಲೋ' ಎಂದು ಬರೆದಿತ್ತು. ತಾಯಿಗೆ ಆ ಮಾತನ್ನು ನಂಬಲು ಆಗಿರಲಿಲ್ಲ. "ಮಾರ್ಕೆಟಿನಲ್ಲಿ ರಜೆಯ ದಿನ ನನ್ನ ಲೆಕ್ಕವೆಲ್ಲ ಇವಳದ್ದೇ ಸರ್. ಐನೂರರ ನೋಟು ಕೊಟ್ಟರೆ ಬಾಕಿ ಎಷ್ಟು ಅಂತ ನನಗಿಂತ ಮೊದಲು ಹೇಳ್ತಾಳೆ" ಎಂದರು.

ಉತ್ತರ ಪತ್ರಿಕೆಯನ್ನು ತಿರುವಿ ಹಾಕಿದಾಗ ಒಂದು ಪ್ರಶ್ನೆ ನಮ್ಮ ಕಣ್ಣಿಗೆ ಬಿತ್ತು. 84 ಮತ್ತು 37ರ 'ಡಿಫರೆನ್ಸ್' ಕಂಡುಹಿಡಿಯಿರಿ ಎಂದಿತ್ತು. ಅವಳು ಬರೆದ ಉತ್ತರ: '84 ಈಸ್ ಬಿಗ್. 37 ಈಸ್ ಸ್ಮಾಲ್.' ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ, ಪಕ್ಕದಲ್ಲಿ ಸೊನ್ನೆ. ಡಿಫರೆನ್ಸ್ ಎಂದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ಬೇರೆತನ ಎಂದು ಯಾರೋ ಅವಳಿಗೆ ಹೇಳಿದ್ದರು. ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಆ ಬೇರೆತನವನ್ನು ಅವಳು ನಿಷ್ಠೆಯಿಂದ ಬರೆದಿದ್ದಳು. "ಎಂಬತ್ತನಾಲ್ಕರಲ್ಲಿ ಮೂವತ್ತೇಳು ಕಳೆದರೆ?" ಎಂದು ನಾವು ಕೇಳಿ ಮುಗಿಸುವ ಮೊದಲೇ "ನಲವತ್ತೇಳು" ಎಂದಳು.

ಈ ಮಗುವಿಗೆ ಗಣಿತ ಬರುತ್ತಿತ್ತು. ಬಾರದೇ ಇದ್ದದ್ದು ಗಣಿತವನ್ನು ಕೇಳುವ ಭಾಷೆ. ಇವೆರಡನ್ನೂ ಬೇರೆಬೇರೆಯಾಗಿ ನೋಡುವುದನ್ನು ಕಲಿತರೆ, ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ನೆರವಾಗುವ ಕೆಲಸದಲ್ಲಿ ಅರ್ಧ ದಾರಿ ಸಾಗಿದಂತೆ ಎಂಬುದು ನಮ್ಮ ಅಭಿಪ್ರಾಯ.

ನಾಲ್ಕನೆಯ ಭಾಷೆ

ನಮ್ಮ ಜಿಲ್ಲೆಗಳ ಮಗುವಿಗೆ ಇಂಗ್ಲಿಷ್ ಎರಡನೆಯ ಭಾಷೆಯಲ್ಲ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯ ಅಂಗಳದಲ್ಲಿ ಕನ್ನಡ, ತರಗತಿಯೊಳಗೆ ಇಂಗ್ಲಿಷ್. ನೆರೆಯ ಬ್ಯಾರಿ ಮಕ್ಕಳದ್ದೂ ಇದೇ ಕಥೆ. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳಿಗಂತೂ ಇಲ್ಲಿಯ ಕನ್ನಡದ ಧಾಟಿಯೇ ಹೊಸದು. ಐದಾರು ವರ್ಷದ ಮಗುವೊಂದು ಮೂರು ಭಾಷೆಗಳಲ್ಲಿ ಜಗಳ ಆಡಬಲ್ಲದು ಎಂದರೆ ಅದಕ್ಕೆ ಭಾಷೆ ಕಲಿಯುವ ಶಕ್ತಿ ಇಲ್ಲ ಎನ್ನಲಾಗದು. ಆ ಮೂರನ್ನೂ ಅದು ಆಡುತ್ತಾ, ಕೇಳುತ್ತಾ, ಬೇಕಾದ್ದನ್ನು ಪಡೆಯಲು ಬಳಸುತ್ತಾ ಕಲಿತದ್ದು. ಇಂಗ್ಲಿಷನ್ನು ಮಾತ್ರ ಕರಿಹಲಗೆಯಿಂದ ನಕಲು ಮಾಡಿ ಕಲಿಯಬೇಕಾಗಿದೆ.

ಕರಾವಳಿಯಲ್ಲಿ ಇಂಗ್ಲಿಷ್ ಕಲಿಕೆ ಹೊಸತಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಯೇಸುಸಭೆಯವರ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಆದರೆ ಬಹುಕಾಲ ಇಂಗ್ಲಿಷ್ ಕೆಲವರ ಪಾಲಿನ ವಿದ್ಯೆಯಾಗಿತ್ತು. ಈಗ ಹಾಗಿಲ್ಲ. 2007ರಲ್ಲಿ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಲಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂಬ ರಾಜ್ಯ ಸರಕಾರದ 1994ರ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2014ರ ಮೇ ತಿಂಗಳಲ್ಲಿ ಎತ್ತಿಹಿಡಿಯಲಿಲ್ಲ. 2019ರಲ್ಲಿ ಸರಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಇದು ಸರಿಯೋ ತಪ್ಪೋ ಎಂಬ ಚರ್ಚೆ ನಡೆಯುತ್ತಲೇ ಇದೆ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಮಾಧ್ಯಮ ಯಾವುದೇ ಇರಲಿ, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಆ ಮಗು ತರಗತಿಯಲ್ಲಿ ಇರುತ್ತದೆ.

ಆಟದ ಇಂಗ್ಲಿಷ್, ಪಾಠದ ಇಂಗ್ಲಿಷ್

"ನಮ್ಮ ಮಗ ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾನೆ, ಆದರೆ ಸಮಾಜ ವಿಜ್ಞಾನದಲ್ಲಿ ಯಾಕೆ ಮಾರ್ಕು ಇಲ್ಲ?" ಎಂದು ಹೆತ್ತವರು ಕೇಳುವುದುಂಟು. ಈ ಪ್ರಶ್ನೆಗೆ ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಒಂದು ಉಪಯುಕ್ತ ಭೇದವನ್ನು ತೋರಿಸಿಕೊಟ್ಟರು. ಸಂಭಾಷಣೆಯ ಭಾಷೆ ಬೇರೆ, ಪಾಠದ ಭಾಷೆ ಬೇರೆ. 'ಗಿವ್ ಮಿ ದ ಬಾಲ್', 'ಮೇ ಐ ಗೋ ಟು ಟಾಯ್ಲೆಟ್' ಎಂಬ ಮಟ್ಟದ ಇಂಗ್ಲಿಷಿಗೆ ಎದುರಿಗಿರುವ ಮುಖ, ಕೈಸನ್ನೆ, ಸಂದರ್ಭ ಎಲ್ಲವೂ ಸಹಾಯಕ್ಕೆ ಬರುತ್ತವೆ. ಇಂಗ್ಲಿಷ್ ಸುತ್ತಮುತ್ತ ಕೇಳಿಸುವ ದೇಶಗಳಲ್ಲಿ ವಲಸೆ ಬಂದ ಮಕ್ಕಳು ಇದನ್ನು ಸುಮಾರು ಎರಡು ವರ್ಷಗಳಲ್ಲಿ ಕಲಿಯುತ್ತಾರೆ. ಆದರೆ ಕಾರಣ ಕೊಡುವುದು, ಹೋಲಿಸುವುದು, ವಾದಿಸುವುದು ಇವೆಲ್ಲ ಇರುವ ಪುಸ್ತಕದ ಭಾಷೆಯಲ್ಲಿ ಸಮವಯಸ್ಕರನ್ನು ಸರಿಗಟ್ಟಲು ಐದರಿಂದ ಏಳು ವರ್ಷ ಬೇಕು ಎಂದು ಅವರ ಅಧ್ಯಯನಗಳು ತೋರಿಸಿದವು.

ಇದು ಕೆನಡಾದ ಮಾತು. ಅಲ್ಲಿ ಅಂಗಡಿಗೆ ಹೋದರೂ ಇಂಗ್ಲಿಷೇ. ಶಾಲೆಯ ಗೇಟು ದಾಟಿದೊಡನೆ ಇಂಗ್ಲಿಷ್ ಮಾಯವಾಗುವ ನಮ್ಮ ಊರಿನಲ್ಲಿ ಅದಕ್ಕಿಂತ ಬೇಗ ಆಗಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಐದನೆಯ ತರಗತಿಯಲ್ಲಿ ಮಾಧ್ಯಮ ಬದಲಿಸಿದ ಮಗು ಎಸ್ಸೆಸ್ಸೆಲ್ಸಿಗೆ ಬರುವಾಗ ಕೇವಲ ಆರು ವರ್ಷ ಆಗಿರುತ್ತದೆ.

ಕಮಿನ್ಸ್ ಹೇಳಿದ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ. ನೀರಿನಲ್ಲಿ ತೇಲುವ ಹಿಮಗಡ್ಡೆಯ ಎರಡು ತುದಿಗಳು ಮೇಲೆ ಬೇರೆಬೇರೆಯಾಗಿ ಕಂಡರೂ ಕೆಳಗೆ ಒಂದೇ ಆಗಿರುವಂತೆ, ಮಗುವಿನ ಎರಡು ಭಾಷೆಗಳ ಅಡಿಯಲ್ಲಿ ಇರುವ ತಿಳಿವಳಿಕೆ ಒಂದೇ. ಕನ್ನಡದಲ್ಲಿ ಭಾಗಾಕಾರ ಅರ್ಥವಾಗಿದ್ದರೆ ಇಂಗ್ಲಿಷಿನಲ್ಲಿ ಅದಕ್ಕೆ ಹೆಸರು ಮಾತ್ರ ಬೇಕು. ಅರ್ಥವೇ ಆಗದೆ ಹೆಸರು ಮಾತ್ರ ಕಲಿತರೆ ಎರಡೂ ಭಾಷೆಗಳಲ್ಲಿ ಕೈ ಖಾಲಿ.

ಆವಿಯಾಗುವಿಕೆಯ ಒಂದು ಪಾಠ

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಪೀರಿಯಡ್ಡನ್ನೇ ನೋಡೋಣ. ವಿಜ್ಞಾನದ ಪಾಠ, 'ಇವ್ಯಾಪರೇಶನ್'. ಸಾಮಾನ್ಯ ಕ್ರಮ ನಮಗೆಲ್ಲ ಗೊತ್ತು: ಪುಸ್ತಕ ತೆರೆಯುವುದು, ಒಬ್ಬರು ಗಟ್ಟಿಯಾಗಿ ಓದುವುದು, ಟೀಚರ್ ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೋತ್ತರವನ್ನು ಬೋರ್ಡಿನಲ್ಲಿ ಬರೆಯುವುದು, ಮಕ್ಕಳು ನಕಲು ಮಾಡುವುದು, ಮನೆಯಲ್ಲಿ ಬಾಯಿಪಾಠ. ಇದರಲ್ಲಿ ಮಗು ಇಂಗ್ಲಿಷನ್ನು ಬರೆಯುತ್ತದೆ, ಆದರೆ ಎಲ್ಲಿಯೂ ಬಳಸುವುದಿಲ್ಲ.

ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಪುಸ್ತಕ ಮುಚ್ಚಿಯೇ ಇರಲಿ. ಟೀಚರ್ ಒದ್ದೆ ಬಟ್ಟೆಯಿಂದ ಕರಿಹಲಗೆಯ ಮೇಲೆ ಒಂದು ದೊಡ್ಡ ವೃತ್ತ ಎಳೆಯಲಿ. ಮಕ್ಕಳು ನೋಡುತ್ತಿದ್ದಂತೆ ಅದು ಅಂಚಿನಿಂದ ಮಾಯವಾಗತೊಡಗುತ್ತದೆ. ನೀರು ಎಲ್ಲಿಗೆ ಹೋಯಿತು? ಪಕ್ಕದವರೊಂದಿಗೆ ಒಂದು ನಿಮಿಷ ಮಾತಾಡಿ, ಯಾವ ಭಾಷೆಯಲ್ಲಾದರೂ ಸರಿ. ಆ ಒಂದು ನಿಮಿಷದಲ್ಲಿ ತರಗತಿ ತುಳು, ಕೊಂಕಣಿ, ಕನ್ನಡಗಳಿಂದ ತುಂಬುತ್ತದೆ. ಹೆದರಬೇಕಾಗಿಲ್ಲ, ಅದು ಗಲಾಟೆಯಲ್ಲ. ಕೊನೆಯ ಬೆಂಚಿನ ಮಗು ಅಂದು ಮೊದಲ ಬಾರಿಗೆ ವಿಜ್ಞಾನ ಮಾತಾಡುತ್ತಿದೆ.

ಆಮೇಲೆ ಬೋರ್ಡಿನ ಮೂಲೆಯಲ್ಲಿ ಆರು ಪದಗಳು: ವಾಟರ್, ವೆಟ್, ಡ್ರೈ, ಹೀಟ್, ವೇಪರ್, ಇವ್ಯಾಪರೇಟ್. ಪ್ರತಿಯೊಂದರ ಪಕ್ಕದಲ್ಲಿ ಸಣ್ಣ ಚಿತ್ರ ಅಥವಾ ಕನ್ನಡದ ಪದ. ಮಕ್ಕಳು ಹೇಳಿದ್ದನ್ನು ಟೀಚರ್ ಈ ಪದಗಳಿಂದ ಇಂಗ್ಲಿಷಿನಲ್ಲಿ ಮರಳಿ ಹೇಳುತ್ತಾರೆ. "ನೀರು ಒಣಗಿ ಗಾಳಿಗೆ ಹೋಯ್ತು ಟೀಚರ್" ಎಂದರೆ, "ಯೆಸ್, ದ ವಾಟರ್ ಇವ್ಯಾಪರೇಟೆಡ್. ಇಟ್ ವೆಂಟ್ ಇಂಟು ದ ಏರ್." ಬಳಿಕ ಬೋರ್ಡಿನಲ್ಲಿ ಖಾಲಿ ಜಾಗ ಬಿಟ್ಟ ಒಂದು ವಾಕ್ಯ: 'ದ ಕ್ಲಾತ್ಸ್ ಡ್ರೈ ಬಿಕಾಸ್...' ಇದು ಊರುಗೋಲು. ಮಗು ಇದನ್ನು ಹಿಡಿದು ತನ್ನ ಮಾತನ್ನು ಸೇರಿಸುತ್ತದೆ. ಇನ್ನು ಮುಂದಿನ ಪ್ರಶ್ನೆ: ಜುಲೈ ತಿಂಗಳಲ್ಲಿ ನಮ್ಮ ಮನೆಯ ಬಟ್ಟೆ ಎರಡು ದಿನವಾದರೂ ಯಾಕೆ ಒಣಗುವುದಿಲ್ಲ? ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಯಾಕೆ ಒಣಗುತ್ತದೆ? ಒಣಮೀನು ಯಾಕೆ ಬೇಸಿಗೆಯಲ್ಲೇ ಮಾಡುತ್ತಾರೆ? ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಇನ್ನಷ್ಟು ನೀರು ಸುಲಭವಾಗಿ ಆವಿಯಾಗದು ಎಂಬ ಉತ್ತರವನ್ನು ಮಕ್ಕಳೇ ತಡಕಿ ಹಿಡಿಯುತ್ತಾರೆ. ಮೀನು ಮಾರುವವರ ಮಗಳು ಇಲ್ಲಿ ವೈದ್ಯರ ಮಗನಿಗೆ ಪಾಠ ಹೇಳಬಲ್ಲಳು.

ಪುಸ್ತಕ ತೆರೆಯುವುದು ಕೊನೆಯ ಹತ್ತು ನಿಮಿಷಕ್ಕೆ. ಆಗ ಅದರಲ್ಲಿರುವ ವಾಕ್ಯಗಳು ಗೊತ್ತಿರುವ ವಿಷಯವನ್ನೇ ಹೇಳುತ್ತವೆ. ಮಗು ಇಂಗ್ಲಿಷನ್ನು ಅರ್ಥದ ಬೆಳಕಿನಲ್ಲಿ ಓದುತ್ತದೆ. "ಪೋರ್ಶನ್ ಮುಗಿಸುವುದು ಹೇಗೆ?" ಎಂದು ಶಿಕ್ಷಕರು ಕೇಳುವುದು ಸಹಜ. ಎಲ್ಲ ಪಾಠವನ್ನೂ ಹೀಗೆ ಮಾಡಲು ಸಾಧ್ಯವಿಲ್ಲ ಎಂಬುದನ್ನು ನಾವೂ ಬಲ್ಲೆವು. ವಾರಕ್ಕೆ ಎರಡು ಪೀರಿಯಡ್ ಸಾಕು. ಬೋರ್ಡಿನ ಮೂಲೆಯ ಆರು ಪದಗಳಿಗೆ ಮಾತ್ರ ದಿನವೂ ಜಾಗ ಕೊಡಬೇಕು.

ಮೂರು ಸೆಕೆಂಡು

ಖರ್ಚೇ ಇಲ್ಲದ ಒಂದು ಉಪಾಯವಿದೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುವವರ ಸಂಖ್ಯೆ ಕಡಿಮೆಯಾಯಿತು. ಅದು ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿದ್ದ ದೇಶದ ಮಾತು. ನಮ್ಮ ಮಗು ಪ್ರಶ್ನೆಯನ್ನು ಕೊಂಕಣಿಗೋ ತುಳುವಿಗೋ ತಿರುಗಿಸಿ, ಅಲ್ಲಿ ಉತ್ತರ ಹುಡುಕಿ, ಮತ್ತೆ ಇಂಗ್ಲಿಷಿಗೆ ತರಬೇಕು. ಅಷ್ಟರಲ್ಲಿ ಮುಂದಿನ ಬೆಂಚಿನವರು ಕೈ ಎತ್ತಿ, ಉತ್ತರ ಹೇಳಿ, 'ವೆರಿ ಗುಡ್' ಎನಿಸಿಕೊಂಡು ಕುಳಿತಿರುತ್ತಾರೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ನೋಡಿ. ತರಗತಿಯಲ್ಲಿ ಆ ಮೌನ ಬಹಳ ದೀರ್ಘ ಅನಿಸುತ್ತದೆ. ಮೊದಲ ವಾರ ಶಿಕ್ಷಕರಿಗೇ ಕಸಿವಿಸಿಯಾಗುತ್ತದೆ.

ಮೌನದ ಬಗ್ಗೆ ಇನ್ನೊಂದು ಮಾತು. ಹೊಸ ಭಾಷೆಯೊಳಗೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೆ ಕೇಳಿಸಿಕೊಳ್ಳುವುದು ಸಾಮಾನ್ಯ. ತೊಟ್ಟಿಲ ಮಗುವೂ ವರ್ಷದವರೆಗೆ ಕೇಳಿಯೇ ಮಾತು ಕಲಿಯುವುದಲ್ಲವೇ? ಆ ಸಮಯದಲ್ಲಿ ಮಾತನ್ನು ಬಲವಂತದಿಂದ ಹೊರಡಿಸುವ ಬದಲು, ಅರ್ಥವಾಗಿದೆ ಎಂಬುದನ್ನು ಬೇರೆ ರೀತಿಯಲ್ಲಿ ತೋರಿಸಲು ಅವಕಾಶ ಕೊಡಬಹುದು. 'ಓಪನ್ ದ ಡೋರ್', 'ಪುಟ್ ದ ಡಸ್ಟರ್ ಅಂಡರ್ ದ ಚೇರ್' ಎಂದು ಹೇಳಿ ಮಾಡಿಸುವುದು, ಚಿತ್ರಕ್ಕೆ ಬೆರಳಿಡಿಸುವುದು, ಹೌದು-ಅಲ್ಲಗಳಿಗೆ ಕೈ ಎತ್ತಿಸುವುದು. ಆಜ್ಞೆಗೆ ಮೈಯಿಂದ ಉತ್ತರಿಸುತ್ತಾ ಭಾಷೆ ಕಲಿಯುವ ಈ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದರು. ಒಂದರಿಂದ ಮೂರನೆಯ ತರಗತಿಯವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಎಂಟನೆಯ ತರಗತಿಯ ಹುಡುಗರು ನಗುತ್ತಾರೆ.

ಬೆಂಗಳೂರಿನಲ್ಲಿ ಹುಟ್ಟಿದ ಒಂದು ದಾರಿ

ಹೊಸ ವಿಧಾನಗಳೆಲ್ಲ ವಿದೇಶದಿಂದಲೇ ಬರಬೇಕೆಂದಿಲ್ಲ. ಇಂದು ಜಗತ್ತಿನಾದ್ಯಂತ 'ಟಾಸ್ಕ್' ಆಧಾರಿತ ಕಲಿಕೆ ಎಂದು ಕರೆಯಲಾಗುವ ವಿಧಾನಕ್ಕೆ ದೊಡ್ಡ ಪ್ರೇರಣೆ ಸಿಕ್ಕಿದ್ದು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ. ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಈ ಪ್ರಯೋಗ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಪ್ರಸಿದ್ಧವಾಯಿತು. ಅದರ ಬಗ್ಗೆ ಅವರು ಬರೆದ ಪುಸ್ತಕ 1987ರಲ್ಲಿ ಪ್ರಕಟವಾಯಿತು. ಮಕ್ಕಳ ಗಮನ ಅರ್ಥದ ಮೇಲೆ, ಬಿಡಿಸಬೇಕಾದ ಸಮಸ್ಯೆಯ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಹಾಗಾಗಿ ವ್ಯಾಕರಣದ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇತ್ಯಾದಿಗಳನ್ನು ಕೊಟ್ಟು, ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿ, ಲೆಕ್ಕ ಹಾಕಿಸುತ್ತಿದ್ದರು. ಮೊದಲು ಇಡೀ ತರಗತಿಯೊಂದಿಗೆ ಒಂದು ಸಮಸ್ಯೆಯನ್ನು ಬಿಡಿಸಿ ತೋರಿಸುವುದು, ಅನಂತರ ಅಂಥದ್ದೇ ಇನ್ನೊಂದನ್ನು ಪ್ರತಿ ಮಗು ತಾನೇ ಬಿಡಿಸುವುದು, ಇದು ಕ್ರಮ.

ನಮ್ಮಲ್ಲಿ ಇದಕ್ಕೆ ಬಸ್ಸಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಮಂಗಳೂರಿನಿಂದ ಉಡುಪಿಗೆ, ಅಲ್ಲಿಂದ ಕುಂದಾಪುರಕ್ಕೆ ಹೋಗುವ ನಾಲ್ಕು ಬಸ್ಸುಗಳ ಒಂದು ಕಾಲ್ಪನಿಕ ಪಟ್ಟಿ ಮಾಡಿ ಬೋರ್ಡಿನಲ್ಲಿ ಬರೆಯಿರಿ. 'ಕುಂದಾಪುರದಲ್ಲಿ ಹತ್ತು ಗಂಟೆಗೆ ಮದುವೆ. ಅಜ್ಜಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಲ್ಲಲು ಆಗದು. ಯಾವ ಬಸ್ಸಿಗೆ ಹೋಗಬೇಕು?' ಎಂಬುದನ್ನು ಇಂಗ್ಲಿಷಿನಲ್ಲಿ ಕೇಳಿ. 'ಅರೈವ್', 'ಲೀವ್', 'ಬಿಫೋರ್', 'ಲೇಟ್', 'ಬಿಕಾಸ್' ಇವೆಲ್ಲ ಮಕ್ಕಳಿಗೆ ನಿಜವಾಗಿ ಬೇಕಾಗುತ್ತವೆ. ಉತ್ತರ ಒಂದೇ ಇರಬೇಕಾಗಿಲ್ಲ. ವಾದ ಬಂದರೆ ಇನ್ನೂ ಒಳ್ಳೆಯದು.

ಮನೆಮಾತಿನ ಹೆಜ್ಜೆಗುರುತುಗಳು

ಮಕ್ಕಳ ತಪ್ಪುಗಳಲ್ಲಿ ಹಲವು ಅಸಡ್ಡೆಯಿಂದ ಆದವಲ್ಲ. ಕೊಂಕಣಿ ಮನೆಯ ಹುಡುಗನೊಬ್ಬ ತಂಗಿಯನ್ನು ತೋರಿಸಿ 'ಇಟ್ ಈಸ್ ಕ್ರೈಯಿಂಗ್' ಎಂದರೆ ತರಗತಿ ನಗುತ್ತದೆ. ಆದರೆ ನಮ್ಮ ಕೊಂಕಣಿಯಲ್ಲಿ 'ಚೆಡುಂ' ನಪುಂಸಕ ಲಿಂಗ. ಹುಡುಗಿಯನ್ನು 'ತೆಂ' ಎಂದೇ ಪ್ರೀತಿಯಿಂದ ಕರೆಯುವುದು. ಅವನು ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿದರೆ 'ನಮ', ಬಿಟ್ಟರೆ 'ಎಂಕುಲು'. ಇಂಗ್ಲಿಷಿಗೆ ಎರಡಕ್ಕೂ 'ವಿ' ಒಂದೇ. ನಮ್ಮ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, 'ಮೇಜಿನ ಮೇಲೆ' ಎನ್ನುವಾಗ 'ಮೇಲೆ' ಎಂಬುದು ಮೇಜಿನ ಅನಂತರ ಬರುತ್ತದೆ, 'ಎ', 'ದ' ಎಂಬ ಪದಗಳು ಇಲ್ಲವೇ ಇಲ್ಲ. ಬರೆದಂತೆ ಓದುವ ಕನ್ನಡ ಲಿಪಿಯಿಂದ ಬಂದ ಮಗುವಿಗೆ 'ಕಫ್' ಮತ್ತು 'ದೋ' ಎರಡೂ ಒಂದೇ ನಾಲ್ಕು ಅಕ್ಷರಗಳಲ್ಲಿ ಮುಗಿಯುತ್ತವೆ ಎಂಬುದು ಮೋಸ ಎಂದೇ ತೋರುತ್ತದೆ. ಶಿಕ್ಷಕರಿಗೆ ಇಷ್ಟು ಗೊತ್ತಿದ್ದರೆ ಬೈಯುವ ಬದಲು, "ಕೊಂಕಣಿಯಲ್ಲಿ ತೆಂ, ಇಂಗ್ಲಿಷಿನಲ್ಲಿ ಶಿ" ಎಂದು ಒಂದೇ ಮಾತಿನಲ್ಲಿ ದಾರಿ ತೋರಿಸಬಹುದು. ಮಗು ಮಾತಾಡುತ್ತಿರುವಾಗ ನಡುವೆ ತಡೆದು ತಿದ್ದುವುದಕ್ಕಿಂತ, ಅದು ಮುಗಿಸಿದ ಮೇಲೆ 'ಓ, ಶಿ ಈಸ್ ಕ್ರೈಯಿಂಗ್? ವೈ?' ಎಂದು ಸರಿಯಾದ ರೂಪದಲ್ಲಿ ಕೇಳುವುದು ಲೇಸು.

ಮನೆಮಾತು ಅಡ್ಡ ಬರುವಷ್ಟೇ ಕೈಯನ್ನೂ ಹಿಡಿಯುತ್ತದೆ. ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ 'ಫೆಸ್ತ್' ಮತ್ತು ಇಂಗ್ಲಿಷಿನ 'ಫೀಸ್ಟ್' ಅಕ್ಕತಂಗಿಯರು. 'ಕಪೆಲ್' ಮತ್ತು 'ಚಾಪೆಲ್' ಹಾಗೆಯೇ. ಅಡುಗೆಮನೆಯ 'ಕುಜ್ನ್' ಮತ್ತು 'ಕಿಚನ್' ಕೂಡ ಲ್ಯಾಟಿನಿನ ಒಂದೇ ಬೇರಿನವು. ಇದನ್ನು ಒಮ್ಮೆ ತರಗತಿಯಲ್ಲಿ ಹೇಳಿ ನೋಡಿ. ತನ್ನ ಮನೆಯ ಮಾತಿಗೆ ಇಂಗ್ಲಿಷಿನೊಂದಿಗೆ ನೆಂಟಸ್ತಿಕೆ ಇದೆ ಎಂದು ತಿಳಿದ ಮಗು ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ.

ಇನ್ನು ಗಣಿತದ ಪದಗಳು. ಇವು ದಿನಬಳಕೆಯ ವೇಷದಲ್ಲಿ ಬಂದು ಮೋಸಗೊಳಿಸುತ್ತವೆ. 'ಟೇಬಲ್' ಮೇಜೂ ಹೌದು, ಮಗ್ಗಿಯೂ ಹೌದು. 'ಪವರ್' ಎಂದರೆ ಮಳೆಗಾಲದಲ್ಲಿ ಹೋಗುವ ಕರೆಂಟು, ಗಣಿತದಲ್ಲಿ ಘಾತ. 'ವಾಲ್ಯೂಮ್' ಟಿ.ವಿ.ಯದ್ದು, ಗಣಿತದಲ್ಲಿ ಘನಫಲ. 'ಆಡ್' ಎಂಬ ಉಚ್ಚಾರ ಕೂಡಿಸುವುದಕ್ಕೂ ಬೆಸಸಂಖ್ಯೆಗೂ ಹೆಚ್ಚುಕಡಿಮೆ ಒಂದೇ. 'ಮೀನ್' ಎಂದರೆ ಸರಾಸರಿ ಎಂದು ನಮ್ಮ ಕಡಲ ತೀರದ ಮಕ್ಕಳಿಗೆ ಹೇಳುವುದಂತೂ ಸಾಹಸವೇ ಸರಿ. ಪ್ರತಿ ಅಧ್ಯಾಯದ ಮೊದಲ ದಿನ ಇಂಥ ಪದಗಳ ಎರಡೂ ಅರ್ಥವನ್ನು ಪಕ್ಕಪಕ್ಕ ಬರೆದು ತೋರಿಸಿದ್ದರೆ '84 ಈಸ್ ಬಿಗ್' ಎಂಬ ಉತ್ತರ ಬರುತ್ತಿರಲಿಲ್ಲ.

ದಂಡ ಹಾಕುವ ಪದ್ಧತಿ

ಇಲ್ಲಿ ಸ್ವಲ್ಪ ನಿಷ್ಠುರವಾಗಿ ಬರೆಯಬೇಕಾಗಿದೆ. ಶಾಲೆಯ ಆವರಣದಲ್ಲಿ ಕನ್ನಡ, ತುಳು ಅಥವಾ ಕೊಂಕಣಿ ಆಡಿದರೆ ಒಂದು ರೂಪಾಯಿ, ಐದು ರೂಪಾಯಿ ದಂಡ ಹಾಕುವ ಪದ್ಧತಿಯನ್ನು ನಾವು ಕಂಡಿದ್ದೇವೆ. ಯಾರು ಆಡಿದರೆಂದು ವರದಿ ಮಾಡಲು ಕ್ಲಾಸ್ ಲೀಡರನ ಕೈಯಲ್ಲಿ ಪುಸ್ತಕ ಕೊಟ್ಟದ್ದನ್ನೂ ಕಂಡಿದ್ದೇವೆ. ಉದ್ದೇಶ ಒಳ್ಳೆಯದೇ ಇರಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಶಾಲೆಗಳಲ್ಲಿಯೂ ವೆಲ್ಶ್ ಆಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗಹಾಕುತ್ತಿದ್ದರು. ಆ ಮಗು ವೆಲ್ಶ್ ಆಡುವ ಇನ್ನೊಬ್ಬರನ್ನು ಹಿಡಿದುಕೊಟ್ಟರೆ ತುಂಡು ಅವರ ಕೊರಳಿಗೆ. ಇಂದು ಅಲ್ಲಿ ಅದನ್ನು ನಾಚಿಕೆಯಿಂದ ನೆನೆಯುತ್ತಾರೆ.

ದಂಡದಿಂದ ಮಗು ಇಂಗ್ಲಿಷ್ ಆಡುವುದನ್ನು ಕಲಿಯುವುದಿಲ್ಲ. ಮಾತೇ ಆಡದಿರುವುದನ್ನು ಕಲಿಯುತ್ತದೆ. ಅರ್ಥವಾಗದ್ದನ್ನು ಪಕ್ಕದವರಲ್ಲಿ ಕೇಳುವ ಒಂದೇ ದಾರಿಯೂ ಮುಚ್ಚಿಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿರಬೇಕು, ಮಗು ಭಯ ಆತಂಕಗಳಿಂದ ಮುಕ್ತವಾಗಿರಬೇಕು ಎಂದೂ ಅದು ಹೇಳುತ್ತದೆ. ಶಾಲೆಗಳನ್ನು ನಡೆಸುವ ನಮ್ಮ ಧರ್ಮಗುರುಗಳು, ಧರ್ಮಭಗಿನಿಯರು ಈ ಒಂದು ವಿಷಯವನ್ನು ಮುಂದಿನ ಶಿಕ್ಷಕ-ರಕ್ಷಕ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇವೆ. ಮಾತೃಭಾಷೆಗೆ ಅವಕಾಶ ಎಂದರೆ ಇಡೀ ಪೀರಿಯಡ್ ಕನ್ನಡದಲ್ಲೇ ಪಾಠ ಮಾಡಿ ಪ್ರಶ್ನೋತ್ತರವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಸುವುದು ಎಂದು ತಿಳಿಯಬಾರದು, ಅದೂ ಮೋಸವೇ. ಯೋಚಿಸಲು, ಚರ್ಚಿಸಲು ಮನೆಮಾತು. ಚರ್ಚಿಸಿದ್ದನ್ನು ಹೇಳಲು, ಬರೆಯಲು ಇಂಗ್ಲಿಷ್. ಈ ವಿಂಗಡಣೆ ಶಿಕ್ಷಕರ ಮನಸ್ಸಿನಲ್ಲಿ ಸ್ಪಷ್ಟವಿರಬೇಕು.

ಪರೀಕ್ಷೆಯಲ್ಲಿಯೂ ಸ್ವಲ್ಪ ಯೋಚನೆ ಅಗತ್ಯ. ಬೋರ್ಡ್ ಪರೀಕ್ಷೆ ನಮ್ಮ ಕೈಯಲ್ಲಿಲ್ಲ, ಆದರೆ ತಿಂಗಳ ಕಿರುಪರೀಕ್ಷೆ ಶಾಲೆಯ ಕೈಯಲ್ಲಿದೆ. ಮೂರು ಸಾಲಿನ ಪ್ರಶ್ನೆಯನ್ನು ಎರಡು ಚಿಕ್ಕ ವಾಕ್ಯಗಳಾಗಿ ಒಡೆಯಬಹುದು. ಚಿತ್ರ ಬಿಡಿಸಿ ಹೆಸರು ಬರೆದರೂ ಅಂಕ ಕೊಡಬಹುದು. ವಿಜ್ಞಾನದ ಉತ್ತರದಲ್ಲಿ ಸ್ಪೆಲಿಂಗಿಗೆ ಅಂಕ ಕಡಿಯದಿರಬಹುದು.

ಮನೆಯಲ್ಲಿ, ವಾಳೆಯಲ್ಲಿ

"ನಮಗೇ ಇಂಗ್ಲಿಷ್ ಬಾರದು, ಮಗುವಿಗೆ ಏನು ಹೇಳಿಕೊಡಲಿ?" ಎಂದು ಅನೇಕ ತಾಯಂದಿರು ಸಂಕೋಚಪಡುತ್ತಾರೆ. ಕೆಲವರು ತಮಗೆ ಬರುವ ಅರ್ಧಂಬರ್ಧ ಇಂಗ್ಲಿಷಿನಲ್ಲೇ ಮನೆಯಲ್ಲಿ ಮಾತಾಡತೊಡಗುತ್ತಾರೆ. 'ಕಮ್, ಈಟ್, ಸ್ಲೀಪ್' ಎಂಬ ನಾಲ್ಕು ಪದಗಳಲ್ಲಿ ಅಜ್ಜಿಯ ಕಥೆಯೂ ಇಲ್ಲ, ಜಗಳವೂ ಇಲ್ಲ, ಸಮಾಧಾನವೂ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆ ತುಂಬಿ ಬರುವ ಭಾಷೆಯಲ್ಲಿ ಮಗುವಿನೊಂದಿಗೆ ಉದ್ದುದ್ದ ಮಾತಾಡಿ. "ಇವತ್ತು ಶಾಲೆಯಲ್ಲಿ ಏನು ಕಲಿಸಿದರು, ನನಗೆ ಕೊಂಕಣಿಯಲ್ಲಿ ಹೇಳು" ಎಂದು ಕೇಳಿ. ಹೇಳಲು ಬಂದರೆ ಪಾಠ ಅರ್ಥವಾಗಿದೆ ಎಂದೇ ಅರ್ಥ. ತಡವರಿಸಿದರೆ ಎಲ್ಲಿ ತೊಡಕಿದೆ ಎಂಬುದು ನಿಮಗೂ ಮಗುವಿಗೂ ಅಲ್ಲೇ ತಿಳಿಯುತ್ತದೆ.

ವಾಳೆಯ ಗುರಿಕಾರರು, ಯುವಜನರು, ನಿವೃತ್ತ ಶಿಕ್ಷಕರು ಮನಸ್ಸು ಮಾಡಿದರೆ ಸಂಜೆ ಒಂದು ಗಂಟೆಯ ಓದಿನ ಗುಂಪು ಕಷ್ಟವಲ್ಲ. ಟ್ಯೂಷನ್ನಿನ ಹಾಗೆ ಹೋಮ್‌ವರ್ಕ್ ಮಾಡಿಸುವುದಕ್ಕಿಂತ ಗಟ್ಟಿಯಾಗಿ ಓದಿ ಹೇಳುವುದು ಹೆಚ್ಚು ಉಪಯೋಗಿ. ಚಿತ್ರಗಳಿರುವ ತೆಳ್ಳಗಿನ ಇಂಗ್ಲಿಷ್ ಕಥೆಪುಸ್ತಕವೊಂದನ್ನು ವಾರವಿಡೀ ಓದಬಹುದು: ಮೊದಲ ದಿನ ಚಿತ್ರ ನೋಡಿ ಕನ್ನಡದಲ್ಲಿ ಕಥೆ ಊಹಿಸುವುದು, ಎರಡನೆಯ ದಿನ ದೊಡ್ಡವರು ಇಂಗ್ಲಿಷಿನಲ್ಲಿ ಓದುವುದು, ಮೂರನೆಯ ದಿನ ಮಕ್ಕಳು ಜೊತೆಗೆ ದನಿಗೂಡಿಸುವುದು, ಅನಂತರ ಪಾತ್ರ ಹಂಚಿಕೊಂಡು ಆಡುವುದು. ಒಂದೇ ಪುಸ್ತಕವನ್ನು ಐದು ಸಲ ಓದಲು ದೊಡ್ಡವರಿಗೆ ಬೇಸರ, ಮಕ್ಕಳಿಗಲ್ಲ. ನಾವು ನಡೆಸಿದ ಗುಂಪಿನಲ್ಲಿ ಮಕ್ಕಳ ಸಂಖ್ಯೆ ಹನ್ನೆರಡನ್ನು ದಾಟಿದಾಗಲೆಲ್ಲ ಕೆಟ್ಟಿತು. ಎರಡು ಗುಂಪು ಮಾಡುವುದೇ ಮೇಲು.

ಕೊನೆಯದಾಗಿ, ನಮ್ಮ ಮನಸ್ಸನ್ನು ಹೆಚ್ಚು ಕಾಡುವವರು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಒಳ್ಳೆಯ ಅಂಕಗಳಿಂದ ಮುಗಿಸಿ ಪಿ.ಯು. ವಿಜ್ಞಾನಕ್ಕೋ ವಾಣಿಜ್ಯಕ್ಕೋ ಸೇರುವ ಮಕ್ಕಳು. ಶೇಕಡಾ ತೊಂಬತ್ತು ಪಡೆದವರು ಜೂನ್‌ನಲ್ಲಿ ಕಾಲೇಜಿನ ಮೊದಲ ಫಿಸಿಕ್ಸ್ ಪೀರಿಯಡ್ಡಿನಲ್ಲಿ ಒಂದು ಮಾತೂ ಅರ್ಥವಾಗದೆ ಕೂರುತ್ತಾರೆ. ಕೆಲವರು ಆಗಸ್ಟ್ ಹೊತ್ತಿಗೆ ಕೋರ್ಸ್ ಬದಲಿಸುತ್ತಾರೆ, ಕೆಲವರು ಓದನ್ನೇ ಬಿಡುತ್ತಾರೆ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವೆ ಒಂದೂವರೆ ತಿಂಗಳಾದರೂ ಸಿಗುತ್ತದೆ. ಆ ಸಮಯದಲ್ಲಿ ಹೊಸ ಪಾಠ ಕಲಿಸಬೇಕಾಗಿಲ್ಲ. ಅವರಿಗೆ ಚೆನ್ನಾಗಿ ಬರುವ ಹತ್ತನೆಯ ತರಗತಿಯ ವಿಜ್ಞಾನ, ಗಣಿತದ ಕನ್ನಡ ಪುಸ್ತಕವನ್ನೂ ಅದೇ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನೂ ಪಕ್ಕಪಕ್ಕ ಇಟ್ಟು ದಿನಕ್ಕೆ ಮೂರು ಪುಟ ಓದಿಸಿದರೆ ಸಾಕು. ವೇಗೋತ್ಕರ್ಷ ಎಂದರೆ 'ಆಕ್ಸಲರೇಶನ್', ದ್ಯುತಿಸಂಶ್ಲೇಷಣೆ ಎಂದರೆ 'ಫೋಟೋಸಿಂಥೆಸಿಸ್' ಎಂದು ಅವರೇ ಒಂದು ನೋಟು ಪುಸ್ತಕದಲ್ಲಿ ಪಟ್ಟಿ ಮಾಡಿಕೊಳ್ಳಲಿ. ಹೋದ ವರ್ಷ ಇದೇ ದಾರಿಯಲ್ಲಿ ನಡೆದ ಹಿರಿಯ ವಿದ್ಯಾರ್ಥಿಯೊಬ್ಬರು ವಾರಕ್ಕೆರಡು ದಿನ ಬಂದು ಜೊತೆಗೆ ಕೂತರೆ ಮಕ್ಕಳ ಅರ್ಧ ಹೆದರಿಕೆ ಕಳೆಯುತ್ತದೆ. ಎರಡೂ ಪುಸ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬೇಕಾಗಿರುವುದು ಒಂದು ಕೋಣೆ, ಎರಡು ಫ್ಯಾನು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ ಎರಡು ಗಂಟೆ ಬಿಡುವಿರುವ ಯಾರಾದರೂ ಒಬ್ಬರು.